ಹವಾಮಾನ ಬದಲಾದಾಗ ಮಕ್ಕಳ ಕಾಯಿಲೆಗಳೂ ಬದಲಾಗುತ್ತವೆ: ಮನೆಯಲ್ಲಿ ಏನು ಮಾಡಬೇಕು?

ಮಳೆ ಸುರಿದ ದಿನವೇ ಡೆಂಗಿ ಬರುವುದಿಲ್ಲ. ನೆರೆ ಬಂದ ಸಂಜೆಯೇ ಇಲಿ ಜ್ವರ ಕಾಣಿಸುವುದಿಲ್ಲ. ಹವೆ ಕೆಟ್ಟ ದಿನಕ್ಕೂ ಮಗು ಹಾಸಿಗೆ ಹಿಡಿಯುವ ದಿನಕ್ಕೂ ನಡುವೆ ಒಂದು ಅಂತರ ಇರುತ್ತದೆ. ಕೆಲವು ಕಾಯಿಲೆಗಳಿಗೆ ಒಂದೆರಡು ದಿನ, ಕೆಲವಕ್ಕೆ ಹಲವು ವಾರ. ಅಪ್ಪ ಅಮ್ಮನ ಕೈಯಲ್ಲಿರುವುದು ಈ ಅಂತರವೇ. ಅಷ್ಟರೊಳಗೆ ಏನು ಮಾಡಬೇಕು ಅಂತ ಗೊತ್ತಿದ್ದರೆ ಎಷ್ಟೋ ಕಾಯಿಲೆಗಳನ್ನು ಬಾಗಿಲಲ್ಲೇ ತಡೆಯಬಹುದು. ತಡೆಯಲಾಗದ್ದನ್ನು ಬೇಗ ಗುರುತಿಸಬಹುದು.

ಕಾರ್ಖಾನೆಗಳ ಯುಗಕ್ಕೆ ಮುಂಚಿನ ಸರಾಸರಿಗಿಂತ ಭೂಮಿಯ ತಾಪಮಾನ 1.5 ಡಿಗ್ರಿ ಸೆಲ್ಸಿಯಸ್ ಮೀರಿದ ಮೊದಲ ವರ್ಷ 2024. ಅದೇ ವರ್ಷ ಜಗತ್ತಿನಲ್ಲಿ 1.4 ಕೋಟಿಗೂ ಹೆಚ್ಚು ಡೆಂಗಿ ಪ್ರಕರಣಗಳು ವರದಿಯಾದವು. ಅಷ್ಟು ಹಿಂದೆಂದೂ ದಾಖಲಾಗಿರಲಿಲ್ಲ. ಇದಕ್ಕೆ ಬಿಸಿಯೊಂದೇ ಕಾರಣ ಅನ್ನಲಾಗದು. ಊರುಗಳು ಬೆಳೆದದ್ದು, ಜನರ ಓಡಾಟ, ನೀರು ತುಂಬಿಡುವ ರೀತಿ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಹವಾಮಾನದ ಪಾಲು ಸಣ್ಣದಲ್ಲ. 2022ರಲ್ಲಿ ವಿಜ್ಞಾನಿಗಳ ಒಂದು ತಂಡ 375 ಸೋಂಕು ರೋಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ 218 ರೋಗಗಳು ಬಿಸಿಗಾಳಿ, ನೆರೆ, ಬರ, ಬಿರುಗಾಳಿಯಂಥ ಹವಾಮಾನದ ಪೆಟ್ಟಿನಿಂದ ಒಂದಲ್ಲ ಒಂದು ಸಲ ಜೋರಾಗಿವೆ ಅಂತ ಕಂಡುಬಂತು.

ಹೆಜ್ಜೆ 1: ಮಕ್ಕಳಿಗೇ ಯಾಕೆ ಹೊಡೆತ ಜಾಸ್ತಿ ಅಂತ ತಿಳಿದುಕೊಳ್ಳಿ

ಮಗು ದೊಡ್ಡವರ ಸಣ್ಣ ಅಳತೆ ಅಲ್ಲ. ಅದರ ತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಜಾಸ್ತಿ ನೀರು ಕುಡಿಯುತ್ತದೆ, ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ನೀರಿನಲ್ಲೋ ಗಾಳಿಯಲ್ಲೋ ಕೆಟ್ಟದ್ದು ಏನೇ ಇದ್ದರೂ ಮಗುವಿನ ಪಾಲಿಗೆ ಬರುವುದು ಹೆಚ್ಚು. ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಮುಕ್ಕಾಲು ಭಾಗ ನೀರೇ. ನಾಲ್ಕೈದು ಸಲ ಭೇದಿಯಾದರೆ ದೊಡ್ಡವರು ಸುಸ್ತಾಗುತ್ತಾರೆ, ಹಸುಗೂಸಿನ ಜೀವಕ್ಕೇ ಅಪಾಯ ಬರಬಹುದು. ರೋಗನಿರೋಧಕ ಶಕ್ತಿಯೂ ಇನ್ನೂ ಕಲಿಯುವ ಹಂತದಲ್ಲಿರುತ್ತದೆ. ನೆಲದ ಮೇಲೆ ತೆವಳುವುದು, ಸಿಕ್ಕಿದ್ದನ್ನು ಬಾಯಿಗೆ ಹಾಕುವುದು, ನಿಂತ ನೀರಿನಲ್ಲಿ ಆಡುವುದು ಇದ್ದೇ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಾರಿಕೆ, ತಲೆಸುತ್ತು, ಹೊಟ್ಟೆನೋವು ಅಂತ ಹೇಳಿಕೊಳ್ಳುವ ಮಾತು ಅದಕ್ಕಿರುವುದಿಲ್ಲ.

ಬಿಸಿ ಏರಿದರೆ ಮಕ್ಕಳಿಗೆ ಏನಾಗುತ್ತದೆ ಅನ್ನುವುದಕ್ಕೆ ಪೆರು ದೇಶದ ಲಿಮಾ ನಗರದ ಲೆಕ್ಕ ತುಂಬ ಸ್ಪಷ್ಟವಾದದ್ದು. 1993ರಿಂದ 1998ರವರೆಗೆ ಭೇದಿಯಿಂದ ಆಸ್ಪತ್ರೆಗೆ ಬಂದ ಹತ್ತು ವರ್ಷದೊಳಗಿನ ಮಕ್ಕಳ ದಾಖಲೆಗಳನ್ನು ಸಂಶೋಧಕರು ದಿನದಿನದ ತಾಪಮಾನದ ಜೊತೆ ಇಟ್ಟು ನೋಡಿದರು. ಒಂದು ಡಿಗ್ರಿ ಏರಿದಾಗ ಸುಮಾರು 8% ಹೆಚ್ಚು ಮಕ್ಕಳು ದಾಖಲಾಗುತ್ತಿದ್ದರು. 1997-98ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವೆ ಏರುಪೇರಾಗುವುದು) ಸಮಯದಲ್ಲಿ ಚಳಿಗಾಲವೂ ಬೆಚ್ಚಗಾಯಿತು. ಆಗ ಈ ದಾಖಲಾತಿ ಅದಕ್ಕೂ ಮುಂಚಿನ ವರ್ಷಗಳಿಗಿಂತ ಎರಡು ಪಟ್ಟಾಯಿತು. ಒಂದು ಡಿಗ್ರಿ ಅಂದರೆ ನಮ್ಮ ಮೈಗೆ ಗೊತ್ತೇ ಆಗದಷ್ಟು ವ್ಯತ್ಯಾಸ, ಅಲ್ವಾ? ಕ್ರಿಮಿಗಳಿಗೆ ಅದು ಗೊತ್ತಾಗುತ್ತದೆ.

ಹೆಜ್ಜೆ 2: ಕಾಯಿಲೆಗಳ ಕ್ಯಾಲೆಂಡರ್ ಹೊಸದಾಗಿ ಬರೆದುಕೊಳ್ಳಿ

"ಈ ತಿಂಗಳಲ್ಲಿ ಆ ಜ್ವರ ಬರಲ್ಲ", "ಇಷ್ಟು ಎತ್ತರದಲ್ಲಿ ಸೊಳ್ಳೆ ಕಾಯಿಲೆ ಇಲ್ಲ" ಎಂಬ ಹಳೆಯ ನಂಬಿಕೆಗಳನ್ನು ಪಕ್ಕಕ್ಕಿಡಿ. ಇಥಿಯೋಪಿಯಾ ಮತ್ತು ಕೊಲಂಬಿಯಾದ ಬೆಟ್ಟಗಳಲ್ಲಿ ಬೆಚ್ಚಗಿನ ವರ್ಷಗಳಲ್ಲಿ ಮಲೇರಿಯಾ ಇನ್ನೂ ಮೇಲಕ್ಕೆ ಹತ್ತುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನೇಪಾಳದಲ್ಲಿ ಮೊದಲ ಡೆಂಗಿ ಪ್ರಕರಣ ದಾಖಲಾದದ್ದು 2004ರಲ್ಲಿ. 2022ರ ಹೊತ್ತಿಗೆ ಸುಮಾರು 1,400 ಮೀಟರ್ ಎತ್ತರದ ಕಠ್ಮಂಡು ಕಣಿವೆಯಲ್ಲೇ ಅದು ಜೋರಾಗಿ ಹರಡಿತು. 2007ರಲ್ಲಿ ಇಟಲಿಯ ಹಳ್ಳಿಗಳಲ್ಲಿ ಚಿಕೂನ್‌ಗುನ್ಯಾ ಅಲ್ಲಿನ ಸೊಳ್ಳೆಗಳಿಂದಲೇ ಹಬ್ಬಿತು. ವೈದ್ಯರ ಹತ್ತಿರ ಹೋದಾಗ "ನಮ್ಮಲ್ಲಿ ಅದಿಲ್ಲ" ಅಂದುಕೊಂಡು ವಿಷಯ ಮುಚ್ಚಿಡಬೇಡಿ. ಕೆಲವು ದಿನಗಳ ಹಿಂದೆ ಮಳೆ, ನೆರೆ, ಬಿಸಿಗಾಳಿ ಏನಾದರೂ ಆಗಿತ್ತಾ, ಎಲ್ಲಿಗಾದರೂ ಪ್ರಯಾಣ ಮಾಡಿದ್ದಿರಾ, ಮಗು ನಿಂತ ನೀರಿನಲ್ಲಿ ಆಡಿತ್ತಾ ಅನ್ನುವುದನ್ನು ನೀವಾಗಿಯೇ ಹೇಳಿ.

ಇದಕ್ಕೆ ಒಂದು ಸಣ್ಣ ಪುಸ್ತಕ ಸಾಕು, ಅಥವಾ ಫೋನಿನಲ್ಲೇ ಬರೆದಿಡಿ. ಜೋರು ಮಳೆ, ನೆರೆ, ಬಿಸಿಗಾಳಿ, ನೀರು ಬಾರದ ದಿನಗಳು ಯಾವಾಗ ಶುರುವಾದವು ಅಂತ ತಾರೀಖು ಹಾಕಿ. ಆಮೇಲೆ ಎಷ್ಟು ದಿನಕ್ಕೆ ಯಾವುದನ್ನು ಎದುರುನೋಡಬೇಕು ಅನ್ನುವುದು ಅಂದಾಜು ಹೀಗಿದೆ.

ಬಿಸಿಗಾಳಿ ಶುರುವಾದ ಕೆಲವೇ ದಿನಗಳಲ್ಲಿ ಊಟ ಮತ್ತು ನೀರಿನಿಂದ ಬರುವ ವಾಂತಿಭೇದಿ ಕಾಣಿಸಬಹುದು. ನೆರೆಯ ನೀರು ಮುಟ್ಟಿದ ಮಗುವಿಗೆ ಇಲಿ ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಒಂದು ತಿಂಗಳವರೆಗೂ ಹೋಗಬಹುದು. ಟೈಫಾಯ್ಡ್‌ಗೆ ಒಂದರಿಂದ ಮೂರು ವಾರ. ಮಳೆ ನಿಂತ ಮೂರು ನಾಲ್ಕು ವಾರಗಳಲ್ಲಿ ಡೆಂಗಿ ಏರುವ ಸಮಯ. ಪ್ರವಾಹದ ನಂತರ ಮಲೇರಿಯಾ ಜೋರಾಗುವುದು ಸಾಮಾನ್ಯವಾಗಿ 6ರಿಂದ 8 ವಾರಗಳಿಗೆ, ಅಂದರೆ ಎಲ್ಲರೂ ನೆರೆಯನ್ನು ಮರೆಯುವ ಹೊತ್ತಿಗೆ. 2022ರ ಮಹಾ ಪ್ರವಾಹ ಆದಮೇಲೆ ಪಾಕಿಸ್ತಾನದಲ್ಲಿ ಆದದ್ದೂ ಇದೇ. ಹಿಂದಿನ ವರ್ಷ ಸುಮಾರು 5 ಲಕ್ಷ ಇದ್ದ ಮಲೇರಿಯಾ ಪ್ರಕರಣಗಳು 26 ಲಕ್ಷಕ್ಕೆ ಏರಿದವು. ನೀರು ಇಳಿದ ಮೇಲೆ ಉಳಿಯುವ ಹೊಂಡಗಳೇ ಸೊಳ್ಳೆಗಳ ತೊಟ್ಟಿಲಾಗುತ್ತವೆ.

ಹೆಜ್ಜೆ 3: ಮಳೆಯಾದ ಮೇಲಿನ ವಾರವನ್ನು ಬಿಡಬೇಡಿ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಂದು ಹಾರುವವರೆಗೆ ಸುಮಾರು 7ರಿಂದ 10 ದಿನ ಬೇಕು. ಅದು ರೋಗಿಯ ರಕ್ತ ಕುಡಿದ ಮೇಲೆ ವೈರಸ್ ಅದರೊಳಗೆ ಬೆಳೆದು ಇನ್ನೊಬ್ಬರಿಗೆ ಹರಡುವ ಹಂತಕ್ಕೆ ಬರಲು 8ರಿಂದ 12 ದಿನ. ಕಚ್ಚಿಸಿಕೊಂಡ ಮಗುವಿಗೆ ಜ್ವರ ಬರಲು ಇನ್ನೂ 4ರಿಂದ 10 ದಿನ. ಬಿಸಿ ಏರಿದಾಗ ಮೊದಲ ಎರಡು ಅವಧಿಗಳು ಕುಗ್ಗುತ್ತವೆ. ಸೊಳ್ಳೆ ಬೇಗ ಬೆಳೆಯುತ್ತದೆ, ಅದರೊಳಗಿನ ವೈರಸ್ಸೂ ಬೇಗ ಬೆಳೆಯುತ್ತದೆ. ಹವಾಮಾನ ಬದಲಾವಣೆ ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು.

ಬಿಸಿ ಹೆಚ್ಚಿದಷ್ಟೂ ಎಲ್ಲ ಸೊಳ್ಳೆ ಕಾಯಿಲೆಗಳೂ ಹೆಚ್ಚುತ್ತವೆ ಅಂದುಕೊಳ್ಳುವುದು ಪೂರ್ತಿ ಸರಿಯಲ್ಲ. ಮಲೇರಿಯಾ ಹರಡಲು ಸುಮಾರು 25 ಡಿಗ್ರಿ ಹಿತ. ಈಡಿಸ್ ಸೊಳ್ಳೆ ಹರಡುವ ಡೆಂಗಿಗೆ ಸುಮಾರು 29 ಡಿಗ್ರಿ. ಅದಕ್ಕಿಂತ ತುಂಬ ಮೇಲೆ ಹೋದರೆ ಸೊಳ್ಳೆಯೇ ಬದುಕುವುದು ಕಷ್ಟ. ಹಾಗಾಗಿ ಕೆಲವು ಕಡೆ ಮಲೇರಿಯಾ ತಗ್ಗಿ ಡೆಂಗಿ ಏರಬಹುದು. ತಂಪು ಪ್ರದೇಶಗಳಿಗೆ ಎರಡೂ ಹೊಸದಾಗಿ ಬರಬಹುದು.

ಮನೆಯಲ್ಲಿ ಮಾಡಬೇಕಾದ ಕೆಲಸ ಸರಳ, ಆದರೆ ತಪ್ಪದೆ ಮಾಡಬೇಕು. ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಆ ದಿನ ಮನೆಯ ಒಳಗೂ ಹೊರಗೂ ನೀರು ನಿಲ್ಲುವ ಎಲ್ಲ ಜಾಗ ನೋಡಿ: ಬಕೆಟ್, ಡ್ರಮ್, ಹೂಕುಂಡದ ತಟ್ಟೆ, ಕೂಲರ್, ಫ್ರಿಜ್ ಹಿಂದಿನ ಟ್ರೇ, ಹಳೆ ಟೈರ್, ತಾರಸಿಯ ಮೂಲೆ, ಮಕ್ಕಳು ಹೊರಗೆ ಬಿಟ್ಟ ಆಟಿಕೆ. ನೀರು ಚೆಲ್ಲಿದರೆ ಮಾತ್ರ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ಮುಟ್ಟಿದ ಕೂಡಲೇ ಮರಿ ಹೊರಗೆ ಬರುತ್ತದೆ. ಆದ್ದರಿಂದ ಒಳಗೋಡೆಯನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ತೊಳೆಯಬೇಕು. ಬಹಳ ಜನ ಬಿಡುವುದು ಈ ಉಜ್ಜುವ ಕೆಲಸವನ್ನೇ.

ಈಡಿಸ್ ಕಚ್ಚುವುದು ಹಗಲಿನಲ್ಲಿ, ಬೆಳಗ್ಗೆ ಮತ್ತು ಕತ್ತಲಾಗುವ ಮುನ್ನ ಜಾಸ್ತಿ. ಮಗು ಮಧ್ಯಾಹ್ನ ಮಲಗಿದಾಗಲೂ ಸೊಳ್ಳೆ ಪರದೆ ಕಟ್ಟಿ. ಮಲೇರಿಯಾ ಸೊಳ್ಳೆ ರಾತ್ರಿ ಕಚ್ಚುತ್ತದೆ, ಹಾಗಾಗಿ ರಾತ್ರಿಯೂ ಪರದೆ ಬೇಕು. ಮೈತುಂಬ ಮುಚ್ಚುವ ತೆಳು ಬಟ್ಟೆ ಹಾಕಿ. ಮೈಗೆ ಹಚ್ಚುವ ಸೊಳ್ಳೆ ನಿವಾರಕವನ್ನು ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬೇಡಿ. ದೊಡ್ಡ ಮಕ್ಕಳಿಗೂ ನೀವೇ ಹಚ್ಚಿ. ಕೈ, ಕಣ್ಣು, ಬಾಯಿಯ ಹತ್ತಿರ ಬೇಡ, ಗಾಯದ ಮೇಲೂ ಬೇಡ.

ಹೊಗೆ ಹೊಡೆಸುವುದನ್ನೇ ನಂಬಿ ಕೂರುವುದು ಬೇಡ. ಅದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನು ಮುಟ್ಟುವುದಿಲ್ಲ. ಈಡಿಸ್ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಆಚೆ ಹೋಗುವುದಿಲ್ಲ. ಮಗುವನ್ನು ಕಚ್ಚಿದ ಸೊಳ್ಳೆ ಹುಟ್ಟಿದ್ದು ನಿಮ್ಮ ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲೇ. ಅದಕ್ಕೇ ನೆರೆಹೊರೆಯವರೆಲ್ಲ ಒಂದೇ ದಿನ ಈ ಕೆಲಸ ಮಾಡಿದರೆ ಫಲ ಜಾಸ್ತಿ.

ಹೆಜ್ಜೆ 4: ಜ್ವರ ಬಂದರೆ, ಇಳಿಯುವ ದಿನದ ಮೇಲೆ ಕಣ್ಣಿಡಿ

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಅಥವಾ ಹೆಚ್ಚು ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ, ಯಾವ ಔಷಧಿಯನ್ನೂ ಕೊಡದೆ ನೇರ ಆಸ್ಪತ್ರೆಗೆ ಹೋಗಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಪ್ಯಾರಾಸಿಟಮಾಲ್ ಸಾಕು. ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಕನಿಷ್ಠ 4ರಿಂದ 6 ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಬಾಟಲಿಯಿಂದ ಬಾಟಲಿಗೆ ಔಷಧಿಯ ಸಾಂದ್ರತೆ ಬೇರೆ ಇರುತ್ತದೆ. ಎಷ್ಟು ಮಿ.ಲೀ. ಅನ್ನುವುದನ್ನು ಮಗುವಿನ ತೂಕ ಹೇಳಿ ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಡೆಂಗಿಯ ಸಂಶಯ ಇರುವಾಗ ಐಬುಪ್ರೊಫೇನ್, ಆಸ್ಪಿರಿನ್ ಕೊಡಲೇಬಾರದು, ರಕ್ತಸ್ರಾವ ಹೆಚ್ಚಬಹುದು.

ಡೆಂಗಿಯಲ್ಲಿ ಮೋಸ ಮಾಡುವುದು ಜ್ವರ ಇಳಿಯುವ ದಿನ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ರಕ್ತನಾಳಗಳಿಂದ ನೀರಿನಂಶ ಸೋರಿ ಮಗು ಕುಸಿಯುವ ಅಪಾಯ ಇರುವುದು ಆ ಒಂದೆರಡು ದಿನಗಳಲ್ಲೇ. ಜ್ವರ ಬಿಟ್ಟ ಮೇಲೂ 48 ಗಂಟೆ ಮಗುವನ್ನು ಗಮನಿಸುತ್ತಿರಿ. ಹೊಟ್ಟೆ ತುಂಬ ನೋಯುತ್ತಿದೆ ಅನ್ನುವುದು, ಬಿಡದೆ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಜೋರು ಉಸಿರು, ಸುಮ್ನೆ ಬಿದ್ದುಕೊಂಡಿರುವುದು ಅಥವಾ ತೀರಾ ಕಿರಿಕಿರಿ, ನಾಲ್ಕರಿಂದ ಆರು ಗಂಟೆ ಮೂತ್ರ ಮಾಡದಿರುವುದು: ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಲಿ ಹಗಲಾಗಲಿ ಹೊರಡಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಸಂಖ್ಯೆಯ ಬಗ್ಗೆ ಮನೆಯವರು ಪಡುವ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಈ ಲಕ್ಷಣಗಳನ್ನು ಗಮನಿಸುವುದು ಅದಕ್ಕಿಂತ ಮುಖ್ಯ.

ಮಲೇರಿಯಾ ಇರುವ ಜಾಗದಲ್ಲಿ, ಅಥವಾ ಅಲ್ಲಿಂದ ಬಂದ ಮೇಲೆ, ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಚಿಕ್ಕ ಮಕ್ಕಳಲ್ಲಿ ಅದು ತುಂಬ ಬೇಗ ಬಿಗಡಾಯಿಸುತ್ತದೆ. ಇಲಿ ಜ್ವರದಲ್ಲಿ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಸುಳಿವು. ಅದಕ್ಕೆ ಆಂಟಿಬಯೋಟಿಕ್ ಇದೆ, ಬೇಗ ಶುರುವಾದಷ್ಟೂ ಒಳ್ಳೆಯದು.

ಹೆಜ್ಜೆ 5: ಬಿಸಿ ದಿನಗಳಲ್ಲಿ ನೀರು, ಊಟ ಮತ್ತು ಓಆರ್‌ಎಸ್

ಬಿಸಿ ಹೆಚ್ಚಿದಾಗ ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಆಹಾರದಲ್ಲಿ ಬೇಗ ಬೇಗ ಹೆಚ್ಚುತ್ತವೆ. 5ರಿಂದ 60 ಡಿಗ್ರಿ ನಡುವಿನ ತಾಪ ಅವುಗಳಿಗೆ ಇಷ್ಟ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮಗು ತಿಂದು ಬಿಟ್ಟದ್ದನ್ನು, ಬಾಟಲಿಯಲ್ಲಿ ಉಳಿದ ಹಾಲನ್ನು ಮತ್ತೆ ಕೊಡಬೇಡಿ.

ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಕಲಕಿದ ನೀರಾದರೆ ಮೊದಲು ಸೋಸಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು ಎಂದು ವಿಜ್ಞಾನಿ ರೀಟಾ ಕಾಲ್‌ವೆಲ್ ಅವರ ತಂಡ 2003ರಲ್ಲಿ ವರದಿ ಮಾಡಿತು. ಕಾಲರಾ ಬ್ಯಾಕ್ಟೀರಿಯಾ ನೀರಿನಲ್ಲಿರುವ ಬಹಳ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಕುದಿಸಲು ದಾರಿಯಿದ್ದರೆ ಕುದಿಸುವುದೇ ಸರಿ. ಏನೂ ಇಲ್ಲದಾಗ ಬಟ್ಟೆಯೂ ದೊಡ್ಡ ಆಸರೆ. ಕುದಿಸಿದ ನೀರನ್ನು ಮುಚ್ಚಿಡಿ, ಕೈ ಅದ್ದದೆ ಸೌಟಿನಿಂದ ತೆಗೆಯಿರಿ.

ಆರು ತಿಂಗಳೊಳಗಿನ, ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಎಷ್ಟೇ ಸೆಕೆ ಇದ್ದರೂ ಬೇರೆ ನೀರು ಬೇಡ. ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಪದೇ ಪದೇ ಕುಡಿಸಿ, ತಾಯಿ ಚೆನ್ನಾಗಿ ನೀರು ಕುಡಿಯಲಿ. ಸೆಕೆಗೆ ಅಂತ ಕೊಟ್ಟ ಒಂದು ಚಮಚ ಕೆಟ್ಟ ನೀರು ಭೇದಿಗೆ ದಾರಿ ಮಾಡಬಹುದು.

ಭೇದಿ ಶುರುವಾದರೆ ಮೊದಲ ಭೇದಿಯಿಂದಲೇ, ಸಕ್ಕರೆ ಮತ್ತು ಉಪ್ಪು ಸೇರಿದ ಪುಡಿಯನ್ನು ನೀರಿನಲ್ಲಿ ಕಲಸಿ ಮಾಡುವ ಓಆರ್‌ಎಸ್ ಕೊಡಿ. ಐದು ವರ್ಷದೊಳಗಿನ ಲಕ್ಷಾಂತರ ಮಕ್ಕಳನ್ನು ಪ್ರತಿ ವರ್ಷ ಬಲಿ ತೆಗೆದುಕೊಳ್ಳುವ ಕಾಯಿಲೆಗೆ ಇಷ್ಟು ಸರಳವಾದ ಮದ್ದು ಇದೆ ಅನ್ನುವುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕರುಳು ಕಾಯಿಲೆ ಬಿದ್ದಾಗಲೂ ಸಕ್ಕರೆ ಮತ್ತು ಉಪ್ಪು ಸರಿಯಾದ ಅಳತೆಯಲ್ಲಿ ಒಟ್ಟಿಗೆ ಬಂದರೆ ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಅಳತೆ ತಪ್ಪಿದರೆ ಕೆಲಸ ಕೆಡುತ್ತದೆ. ಅದಕ್ಕೇ ಅಂಗಡಿಯ ಸಿಹಿ ಪಾನೀಯ, ಹಣ್ಣಿನ ರಸ ಓಆರ್‌ಎಸ್‌ಗೆ ಬದಲಿ ಅಲ್ಲ. ಅವುಗಳಲ್ಲಿರುವ ಹೆಚ್ಚು ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ.

ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ, ಪೂರ್ತಿ ಪೊಟ್ಟಣವನ್ನು ಒಂದೇ ಸಲ ಬೆರೆಸಿ. ಅರ್ಧ ಪುಡಿ, ಅರ್ಧ ನೀರು ಅನ್ನುವ ಅಂದಾಜು ಬೇಡ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಒಂದೊಂದೇ ಚಮಚವಾಗಿ ನಿಧಾನಕ್ಕೆ ಮತ್ತೆ ಶುರುಮಾಡಿ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸವಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಚಮಚದ ತಲೆ ಸವರಿ ಅಳೆಯಿರಿ.

ಎದೆಹಾಲು, ಊಟ ನಿಲ್ಲಿಸಬೇಡಿ. ಜೊತೆಗೆ ಝಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಚಿಕ್ಕದಕ್ಕೆ 10 ಮಿಲಿಗ್ರಾಂ, 10ರಿಂದ 14 ದಿನ. ಭೇದಿ ನಿಂತರೂ ಪೂರ್ತಿ ಮುಗಿಸಿ. ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಬೇಡ. ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಆರು ಗಂಟೆ ಮೂತ್ರ ಇಲ್ಲದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಸರಿಹೋದರೆ, ಮಲದಲ್ಲಿ ರಕ್ತ ಇದ್ದರೆ, ಮಗು ಕುಡಿಯಲೂ ಆಗದಷ್ಟು ನಿತ್ರಾಣವಾದರೆ ಆಸ್ಪತ್ರೆಗೆ ಹೋಗಿ. ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಇರಿ.

ಬಿಸಿಗಾಳಿಯಲ್ಲಿ ಇನ್ನೊಂದು ಗೊಂದಲ ಇದೆ. ಮಗುವಿನ ಮೈ ಸುಡುತ್ತಿದ್ದರೆ ಅದು ಸೋಂಕಿನ ಜ್ವರವೋ, ಬಿಸಿಲಿನ ಹೊಡೆತವೋ? ಬಿಸಿಲಲ್ಲಿ ಅಥವಾ ಮುಚ್ಚಿದ ಬಿಸಿ ಕೋಣೆಯಲ್ಲಿ ಇದ್ದ ಮಗುವಿನ ಮೈ 40 ಡಿಗ್ರಿ ದಾಟಿ, ಅದು ತೊದಲುತ್ತಿದ್ದರೆ, ಮಂಕಾಗಿದ್ದರೆ, ಫಿಟ್ಸ್ ಬಂದರೆ ಬಿಸಿಲಿನ ಹೊಡೆತ ಅಂತಲೇ ಭಾವಿಸಿ. ಪ್ಯಾರಾಸಿಟಮಾಲ್ ಅದಕ್ಕೆ ಕೆಲಸ ಮಾಡುವುದಿಲ್ಲ. ನೆರಳಿಗೆ ಒಯ್ದು, ಬಟ್ಟೆ ತೆಗೆದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ ತುರ್ತು ವಾಹನ ಕರೆಸಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ.

ಹೆಜ್ಜೆ 6: ನೆರೆ ಬಂದಾಗ, ನೀರೇ ಇಲ್ಲದಾಗ

ನೆರೆಯ ನೀರಿನಲ್ಲಿ ಶೌಚದ ನೀರು, ಇಲಿಯ ಮೂತ್ರ, ಎಣ್ಣೆ, ಕೀಟನಾಶಕ ಎಲ್ಲ ಬೆರೆತಿರುತ್ತದೆ. ಮಕ್ಕಳನ್ನು ಅದರಲ್ಲಿ ಆಡಲು ಬಿಡಬೇಡಿ. ದಾಟಲೇಬೇಕಾದರೆ ಎತ್ತಿಕೊಳ್ಳಿ, ಅಥವಾ ಬೂಟು ಹಾಕಿಸಿ ಗಾಯಗಳನ್ನು ನೀರು ಹೋಗದಂತೆ ಮುಚ್ಚಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ನೆರೆ ನೀರು ಮುಟ್ಟಿದ ಆಹಾರ ಎಸೆಯಿರಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಎಣ್ಣೆ ಮತ್ತು ವಿಷ ಹೋಗುವುದಿಲ್ಲ. ವಾಸನೆ ಬರುವ ನೀರನ್ನು ಕುಡಿಯಲು ಬಳಸಬೇಡಿ. ತಾಯಂದಿರು ಆತಂಕದಲ್ಲಿದ್ದಾಗ "ಹಾಲು ಬತ್ತಿತು" ಅಂತ ಪುಡಿ ಹಾಲಿಗೆ ಬದಲಿಸುವವರಿದ್ದಾರೆ. ಶುದ್ಧ ನೀರಿಲ್ಲದ ಕಡೆ ಪುಡಿ ಹಾಲೇ ಅಪಾಯ. ಮಗು ಎಷ್ಟು ಸಲ ಕುಡಿದರೆ ಅಷ್ಟು ಹಾಲು ಬರುತ್ತದೆ, ಧೈರ್ಯ ಹೇಳಿ.

ಕಾಳಜಿ ಕೇಂದ್ರಗಳಲ್ಲಿ ಜನ ಒತ್ತೊತ್ತಾಗಿ ಇರುವಾಗ ದಡಾರ, ನ್ಯುಮೋನಿಯಾ ಬೇಗ ಹರಡುತ್ತವೆ. ಒದ್ದೆ ಗೋಡೆಯ ಬೂಷ್ಟು, ಕಾಡ್ಗಿಚ್ಚಿನ ಹೊಗೆ ಕೂಡ ಮಗುವಿನ ಎದೆಯನ್ನು ಸೋಂಕಿಗೆ ಸಡಿಲ ಮಾಡುತ್ತವೆ. ಕೆಮ್ಮುವ ಮಗು ಸಮಾಧಾನವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋದರೆ ತಡಮಾಡಬೇಡಿ.

ಬರದಲ್ಲಿ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ನೀರು ಕಮ್ಮಿಯಾದಾಗ ಕೈ ತೊಳೆಯುವುದು ಮೊದಲು ನಿಲ್ಲುತ್ತದೆ. ಭೇದಿ, ಕಜ್ಜಿ, ಕಣ್ಣಿನ ಸೋಂಕು ಬರುತ್ತವೆ. ಜನ ಡ್ರಮ್ಮುಗಳಲ್ಲಿ ನೀರು ತುಂಬಿಡುತ್ತಾರೆ, ಅಲ್ಲೇ ಈಡಿಸ್ ಬೆಳೆಯುತ್ತದೆ. ಮಳೆಯೇ ಇಲ್ಲದ ವರ್ಷವೂ ಡೆಂಗಿ ಬರುವುದು ಹೀಗೆ. ಡ್ರಮ್ಮಿಗೆ ಬಿಗಿ ಮುಚ್ಚಳ, ಅದಿಲ್ಲದಿದ್ದರೆ ಸೊಳ್ಳೆ ನುಸುಳದ ದಟ್ಟ ಬಟ್ಟೆ ಕಟ್ಟಿ. ನೀರು ಎಷ್ಟೇ ಕಮ್ಮಿ ಇದ್ದರೂ ಈ ಎರಡು ಹೊತ್ತಿಗಾದರೂ ಕೈ ತೊಳೆಯುವ ನೀರು ಎತ್ತಿಡಿ: ಶೌಚದ ನಂತರ, ಊಟಕ್ಕೆ ಮುಂಚೆ. ಬರದ ಇನ್ನೊಂದು ಪೆಟ್ಟು ಆಹಾರದ ಮೇಲೆ. ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಸುಮಾರು ಅರ್ಧದಷ್ಟರ ಹಿಂದೆ ಅಪೌಷ್ಟಿಕತೆಯ ನೆರಳಿದೆ. ಸೊರಗಿದ ಮಗುವಿಗೆ ಸೋಂಕು ಬೇಗ ತಗಲುತ್ತದೆ, ಸೋಂಕು ತಗಲಿದ ಮಗು ಇನ್ನೂ ಸೊರಗುತ್ತದೆ. ತಿಂಗಳಿಗೊಮ್ಮೆ ತೂಕ ನೋಡಿಸಿ.

ಹೆಜ್ಜೆ 7: ಲಸಿಕೆಯನ್ನು ಹವಾಮಾನಕ್ಕೆ ಮುಂಚೆಯೇ ಮುಗಿಸಿ

ರೋಟಾವೈರಸ್ (ಭೇದಿ ತಡೆಗೆ), ನ್ಯುಮೋಕೋಕಲ್ (ನ್ಯುಮೋನಿಯಾ ತಡೆಗೆ) ಲಸಿಕೆಗಳು, ದಡಾರದ ಎರಡೂ ಡೋಸ್ ಸಮಯಕ್ಕೆ ಸರಿಯಾಗಿ ಆಗಿವೆಯಾ ನೋಡಿ. ರೋಟಾವೈರಸ್ ಲಸಿಕೆ ಆರು ವಾರಕ್ಕೇ ಶುರುವಾಗುತ್ತದೆ. ಇರುವ ಜಾಗಕ್ಕೆ ತಕ್ಕಂತೆ ಟೈಫಾಯ್ಡ್, ಜಪಾನೀಸ್ ಎನ್ಸೆಫಲೈಟಿಸ್ (ಸೊಳ್ಳೆಯಿಂದ ಬರುವ ಮೆದುಳು ಜ್ವರ), ಕಾಲರಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಮಲೇರಿಯಾಗೆ 2021 ಮತ್ತು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಎರಡು ಲಸಿಕೆಗಳನ್ನು ಈಗ ಆಫ್ರಿಕಾದ ಹಲವು ದೇಶಗಳಲ್ಲಿ ಮಕ್ಕಳಿಗೆ ಕೊಡಲಾಗುತ್ತಿದೆ.

ಇದನ್ನು ಮಳೆಗಾಲ, ಬಿಸಿಲುಗಾಲಕ್ಕೆ ಮುಂಚೆ ಮುಗಿಸಿ ಅನ್ನುವುದಕ್ಕೆ ಕಾರಣ ಇದೆ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಬಿರುಗಾಳಿಗೆ ಕರೆಂಟ್ ಹೋಗಿ ರಸ್ತೆ ಮುಚ್ಚಿದರೆ ಲಸಿಕೆ ಕೇಂದ್ರವೂ ನಿಲ್ಲುತ್ತದೆ. ಲಸಿಕೆ ಕಾರ್ಡಿನ ಫೋಟೊ ಫೋನಿನಲ್ಲಿರಲಿ. ಕಾರ್ಡು ನೆರೆಯಲ್ಲಿ ಹೋದರೂ ದಾಖಲೆ ಉಳಿಯುತ್ತದೆ.

ಹೆಜ್ಜೆ 8: ಮನೆಯ ಆಚೆಗೂ ಕೇಳಿ

ಮಗು ಹಗಲಿನ ಹೆಚ್ಚು ಹೊತ್ತು ಇರುವುದು ಶಾಲೆಯಲ್ಲಿ. ಈಡಿಸ್ ಕಚ್ಚುವುದೂ ಹಗಲಿನಲ್ಲೇ. ಶಾಲೆಯ ನೀರಿನ ಟ್ಯಾಂಕ್ ಮುಚ್ಚಿದೆಯಾ, ಯಾವಾಗ ತೊಳೆದರು, ತಾರಸಿ ಮತ್ತು ಅಂಗಳದಲ್ಲಿ ನೀರು ನಿಲ್ಲುತ್ತದಾ, ಕೈ ತೊಳೆಯಲು ಸೋಪು ಇದೆಯಾ ಎಂದು ಕೇಳಿ. ಪೋಷಕರು ನಾಲ್ಕೈದು ಜನ ಸೇರಿ ಕೇಳಿದರೆ ಉತ್ತರ ಬೇಗ ಬರುತ್ತದೆ. ಜ್ವರ ಇರುವ ಮಗುವನ್ನು ಪರೀಕ್ಷೆ ಇದೆ ಅಂತ ಶಾಲೆಗೆ ಕಳಿಸಬೇಡಿ. ಡೆಂಗಿ ಬಂದ ಮಗುವನ್ನು ಕಚ್ಚಿದ ಸೊಳ್ಳೆಯಿಂದಲೇ ಮುಂದಿನ ಸರದಿ ಶುರುವಾಗುತ್ತದೆ. ಅದಕ್ಕೇ ಜ್ವರ ಇರುವಷ್ಟು ದಿನ ಮಗುವನ್ನು ಪರದೆಯೊಳಗೇ ಮಲಗಿಸಿ.

ಒಂದೇ ಬೀದಿಯಲ್ಲಿ ಅಥವಾ ಒಂದೇ ತರಗತಿಯಲ್ಲಿ ಕೆಲವೇ ದಿನಗಳೊಳಗೆ ಎರಡು ಮೂರು ಮಕ್ಕಳಿಗೆ ಒಂದೇ ಥರದ ಜ್ವರ ಅಥವಾ ಭೇದಿ ಬಂದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಯಾವ ತಾರೀಖಿಗೆ ಶುರುವಾಯಿತು, ಮಕ್ಕಳ ವಯಸ್ಸೆಷ್ಟು, ಎಲ್ಲರೂ ಕುಡಿದ ನೀರು ಯಾವುದು, ಅದಕ್ಕೆ ಮುಂಚಿನ ಮೂರು ನಾಲ್ಕು ವಾರ ಹವೆ ಹೇಗಿತ್ತು, ಇಷ್ಟು ಹೇಳಿದರೆ ಸಾಕು. ಅವರು ನೀರಿನ ಮಾದರಿ ತೆಗೆಯಬೇಕೋ, ಸೊಳ್ಳೆ ಮರಿ ಹುಡುಕಬೇಕೋ ಅನ್ನುವುದು ಈ ಮಾಹಿತಿಯಿಂದಲೇ ತೀರ್ಮಾನವಾಗುತ್ತದೆ.